ಅತಿವೇಗವಾಹನ ಚಕ್ರಾವರಣ ಮೀಮಾಂಸೆ: ರೋಣ, ನರಗುಂದ, ಗಜೇಂದ್ರಗಡ ಸೀಮೆಯನ್ನು ಅನುಲಕ್ಷಿಸಿ

ಪ್ರಸ್ತುತ ಮಹಾಪ್ರಬಂಧವು ಅತಿವೇಗದ ಸ್ಪೋರ್ಟ್ಸ್ ಕಾರಿನ ಸವೆದ ಟೈರಿನ ಜಾಗದಲ್ಲಿ ಪ್ರತಿಷ್ಠಾಪಿಸಬೇಕಾದ ಹೊಸ ಟೈರಿನ ಆಯ್ಕೆಯನ್ನು ಬಹುಶಿಸ್ತೀಯ, ಅಂತರ್‌ಪಠ್ಯೀಯ ಹಾಗೂ ನೆಲಮೂಲದ ನೆಲೆಗಳಲ್ಲಿ ಅನುಸಂಧಾನಿಸುವ ವಿನಮ್ರ ಯತ್ನ. ಇನ್ನು ಮುಂದೆ ಟೈರನ್ನು ‘ಚಕ್ರಾವರಣ’ ಎಂದೂ, ಹವಾವನ್ನು ‘ಅಂತರ್ಗತ ಪ್ರಾಣತತ್ತ್ವ’ ಎಂದೂ, ರಸ್ತೆಯ ತೆಗ್ಗನ್ನು ‘ಭೂಸ್ತರೀಯ ಅನುಪಸ್ಥಿತಿ’ ಎಂದೂ ಕರೆಯಲಾಗುವುದು. ವ್ಯಾಪ್ತಿ: ಗದಗ ಜಿಲ್ಲೆಯ ಮೂರು ತಾಲೂಕು. ಮಿತಿ: ಇಲ್ಲಿ ಅಂಥ ಕಾರು ಕಣ್ಣಿಗೆ ಬೀಳುವುದು ಬೆಂಗಳೂರಿನವರು ಮದುವೆಗೋ ಜಾತ್ರೆಗೋ ಬಂದಾಗ ಮಾತ್ರ. ಇದೊಂದು ಮಿತಿಯೇ ಅಲ್ಲ. ವಸ್ತುವಿನ ಗೈರುಹಾಜರಿಯಿಂದ ಪಿಎಚ್‌ಡಿ ನಿಂತುಹೋದ ಉದಾಹರಣೆ ನಮ್ಮಲ್ಲಿ ಇಲ್ಲ.

ಪ್ರೇರಣೆಯನ್ನು ನಮೂದಿಸುವುದು ಸಂಶೋಧಕನ ಧರ್ಮ. ಗಜೇಂದ್ರಗಡದ ಒಂದು ಮದುವೆಯಲ್ಲಿ, ಎಲೆ ಹಾಕಿ ಹುಗ್ಗಿ ಬಡಿಸಿದ ಮೇಲೆ, ಬೀಗರ ಪೈಕಿ ಹುಡುಗನೊಬ್ಬ ತನ್ನ ಕಾರಿನ ಟೈರಿನ ಬಗ್ಗೆ ಉಪನ್ಯಾಸ ಶುರುಮಾಡಿದ. ಹುಗ್ಗಿ ಆರಿತು. ಉಪನ್ಯಾಸ ಆರಲಿಲ್ಲ.

ಪೂರ್ವಸೂರಿಗಳ ಸಮೀಕ್ಷೆ. ಹವಾ ತುಂಬಿದ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟ್‌ನಲ್ಲಿದ್ದ ದನದ ಡಾಕ್ಟರು. ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಮಾಡಿದ್ದು. (ಅವನಿಗಿಂತ ನಾಲ್ಕು ದಶಕ ಮೊದಲೇ ಥಾಮ್ಸನ್ ಎಂಬಾತ ಇದನ್ನೇ ಮಾಡಿದ್ದ; ಮೊದಲು ಮಾಡಿದವನನ್ನು ಕಂಸದಲ್ಲಿ ಹಾಕುವುದು ವಿದ್ವತ್ತಿನ ಪದ್ಧತಿ.) ದನದ ಡಾಕ್ಟರ ಟೈರು ಕಡೆಗೆ ನಮ್ಮ ಎತ್ತಿನ ಚಕ್ಕಡಿಗೇ ಬಂದು ಸೇರಿದ್ದನ್ನು ‘ಪ್ರತಿಗಮನ ಸಿದ್ಧಾಂತ’ ಎಂದು ಹೆಸರಿಸಿ, ಅದರ ಹಕ್ಕನ್ನು ಈ ಲೇಖಕ ಕಾಯ್ದಿರಿಸಿಕೊಂಡಿದ್ದಾನೆ. ಎರಡನೆಯ ಪೂರ್ವಸೂರಿ 1922ರಲ್ಲಿ ರೋಣದಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿ. ಅವರಿಗೆ ಕಾರಿನ ಹುಚ್ಚಿತ್ತು, ತಾವೇ ಓಡಿಸುತ್ತಿದ್ದರು, ಎಂಜಿನ್ನಿನ ಒಳಹೊರಗೂ ಗೊತ್ತಿತ್ತು. ಈ ಸೀಮೆಯಲ್ಲಿ ವೇಗದ ಬಗ್ಗೆ ಮಾತಾಡುವ ಅಧಿಕಾರ ಯಾರಿಗಾದರೂ ಇದ್ದರೆ ಅವರಿಗೆ. ಅವರು ಆ ಬಗ್ಗೆ ಪ್ರಬಂಧ ಮಂಡಿಸಲಿಲ್ಲ, ಹಾಡಿದರು.

ಈಗ ಶಾಸ್ತ್ರಭಾಗ. ಪೋರ್ಷೆ 911ರ ಒಂದು ಮಾದರಿಯ ಹಿಂದಿನ ಟೈರಿನ ಮೇಲೆ ‘305/30 ಝಡ್‌ಆರ್ 21’ ಎಂಬ ಬೀಜಮಂತ್ರವಿದೆ. 305 ಎಂದರೆ ಮಿಲಿಮೀಟರಿನಲ್ಲಿ ಅಗಲ, ಹೆಚ್ಚೂಕಡಿಮೆ ಒಂದು ಅಡಿ. 30 ಎಂದರೆ ಆ ಅಗಲದ ಶೇಕಡಾ 30ರಷ್ಟು ಪಕ್ಕದ ಗೋಡೆಯ ಎತ್ತರ: 91.5 ಮಿಲಿಮೀಟರು. 21 ಎಂದರೆ ರಿಮ್ಮಿನ ಇಂಚು. ಮುಂದಿನ ಗಾಲಿಯದು 245/35, 20 ಇಂಚು. ಹಿಂದಿನದು ಮುಂದಕ್ಕೆ ಕೂರದು, ಮುಂದಿನದು ಹಿಂದಕ್ಕೆ ಒಗ್ಗದು. ಅದಲುಬದಲು ಮಾಡಿ ಆಯುಷ್ಯ ಹಿಗ್ಗಿಸುವ ನಮ್ಮ ಡ್ರೈವರುಗಳ ವಿದ್ಯೆ ಇಲ್ಲಿ ನಿಷ್ಫಲ. ಈ ಬೀಜಮಂತ್ರದಾಚೆ ಕೊನೆಗೆ ಬರುವ ‘ವೈ’ ಅಕ್ಷರ ಗಂಟೆಗೆ 300 ಕಿಲೋಮೀಟರು ತಾಳುವ ಶಕ್ತಿಯ ಸೂಚನೆ. ಸಾಲದ್ದಕ್ಕೆ ‘ಎನ್’ ಎಂದೊಂದು ಗುರುತು: ಇದು ಪೋರ್ಷೆಯವರು ಪರೀಕ್ಷಿಸಿ ಒಪ್ಪಿದ ಟೈರು. ಮರ್ಸಿಡಿಸ್‌ನವರದು ‘ಎಂಒ’, ಬಿಎಂಡಬ್ಲ್ಯೂದವರದು ನಕ್ಷತ್ರ. ಗೋತ್ರ ನೋಡಿ ಕನ್ಯೆ ತರುವವರ ಹಾಗೆ ಟೈರು ತರಬೇಕು. ಸ್ಟೆಪ್ನಿ ಮಾತ್ರ ಇಲ್ಲ. ಬದಲಿಗೆ ಒಂದು ಡಬ್ಬಿ ಅಂಟು. ಮುಳ್ಳು ಚುಚ್ಚಿದರೆ ಅಂಟು ಹಿಡಿದೀತು. ಪಕ್ಕದ ಗೋಡೆಯೇ ಸೀಳಿದರೆ ಕುಲದೇವರು.

ಕ್ಷೇತ್ರಕಾರ್ಯ. ಬೀಗರ ಹುಡುಗ ಊಟ ಮುಗಿಸಿ ಹೊರಟವನು ಒಂದು ಭೂಸ್ತರೀಯ ಅನುಪಸ್ಥಿತಿಗೆ ಗಾಲಿ ಇಳಿಸಿದ. ಟೈರಿನ ಪಕ್ಕದಲ್ಲಿ ಬಾವು ಎದ್ದಿತು, ನಿಂಬೆಹಣ್ಣಿನ ಗಾತ್ರದ್ದು. ಪಂಕ್ಚರ್ ಅಂಗಡಿಯವ ಟ್ರ್ಯಾಕ್ಟರಿನ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದವನು ಎದ್ದು ಬಂದ. ಬಾವಿನ ಮೇಲೆ ಹೆಬ್ಬೆರಳು ಆಡಿಸಿದ. ‘ಒಳಗ ದಾರ ಹರದಾವ್ರಿ. ಇದಕ್ಕ ಪ್ಯಾಚ್ ಕೂಡೂದಿಲ್ಲ’ ಅಂದ. ಆಮೇಲೆ ರಿಮ್ಮಿನಿಂದ ನೆಲದವರೆಗೆ ಬೆರಳಿನಿಂದ ಅಳೆದು, ‘ಸರ, ಇದರಾಗ ರಬ್ಬರ್ ಎಲ್ಲೈತ್ರಿ? ಬರೇ ರಿಂಗೇ ಐತಲ್ಲ’ ಎಂದು ಕೇಳಿದ. ಗೋಡೆ ಗಿಡ್ಡವಾದಷ್ಟೂ ತಿರುವಿನಲ್ಲಿ ಟೈರು ಬಾಗುವುದು ಕಡಿಮೆ, ಆದರೆ ತೆಗ್ಗಿನ ಏಟು ನೇರ ರಿಮ್ಮಿಗೆ ಹೋಗುತ್ತದೆ ಎಂಬ ತತ್ತ್ವ ಒಂದೇ ವಾಕ್ಯದಲ್ಲಿ ಮುಗಿಯಿತು. ನಂತರ ಅವನು ಪಕ್ಕಕ್ಕೆ ಒರಗಿಸಿದ್ದ ಟ್ರ್ಯಾಕ್ಟರ್ ಟೈರನ್ನು, 13.6–28ರದ್ದು, ತಟ್ಟಿ ತೋರಿಸಿದ: ‘ಇದು ಟೈರು.’

ಹುಡುಗನಿಗೆ ಅವನು ಹೇಳಿದ ಇನ್ನೊಂದು ಮಾತು ಸಂಶೋಧನೆಗೆ ಬೆಲೆಯುಳ್ಳದ್ದು. ಹೊಸ ಟೈರೆಂದು ಕೊಡುವಾಗ ಪಕ್ಕದ ನಾಲ್ಕು ಅಂಕಿ ಓದಿಕೊಳ್ಳಬೇಕು. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ಕೂತೇ ರಬ್ಬರು ಬಿರುಸಾಗುತ್ತದೆ. ನಮ್ಮ ಬ್ಯಾಸಗಿ ಆ ಕೆಲಸವನ್ನು ಇನ್ನಷ್ಟು ಬೇಗ ಮಾಡುತ್ತದೆ.

ವರ್ಗೀಕರಣ. ಸವೆತವನ್ನಾಧರಿಸಿ ಚಕ್ರಾವರಣಗಳು ನಾಲ್ಕು ವಿಧ: ಸಕೇಶ, ವಿರಳಕೇಶ, ಖಲ್ವಾಟ, ಕಂಕಾಲ. ಸಕೇಶವೆಂದರೆ ಹೊಸತು. ವಿರಳಕೇಶದಲ್ಲಿ ಗೀರಿನ ಆಳ 1.6 ಮಿಲಿಮೀಟರಿಗೆ ಹತ್ತಿರವಾಗಿ, ತಳದಲ್ಲಿಟ್ಟ ಗುರುತಿನ ಗೆಣ್ಣುಗಳು ಮೇಲೆ ಬಂದಿರುತ್ತವೆ. ಖಲ್ವಾಟವು ನಮ್ಮಲ್ಲಿ ರಿಸೋಲಿಗೆ ಹೋಗಿ ಪುನರ್ಜನ್ಮ ಪಡೆಯುತ್ತದೆ. ಪ್ರತಿಯೊಂದಕ್ಕೂ ಶುಷ್ಕ, ಆರ್ದ್ರ, ಪಂಕಿಲವೆಂಬ ಮೂರು ಉಪಭೇದ, ಅವಕ್ಕೆ ಮತ್ತೆ... ಸಾಕು. ಎರಿ ಮಣ್ಣು ಹಸಿಯಾಯಿತೆಂದರೆ ಗೀರುಗಳಲ್ಲಿ ಮೆತ್ತಿಕೊಂಡು, ನಾಲ್ಕು ವಿಧವೂ ಒಂದೇ ವಿಧ: ಬೋಳು. ಯುರೋಪಿನ ಮಳೆಯಲ್ಲಿ ಪರೀಕ್ಷೆ ಪಾಸಾದ ಗೀರಿನ ವಿನ್ಯಾಸಕ್ಕೆ ಬೆಣ್ಣಿಹಳ್ಳದ ದಂಡೆಯ ಕೆಸರು ಗೊತ್ತಿಲ್ಲ.

ಇನ್ನೊಂದು ಪರೀಕ್ಷೆಯೂ ಯುರೋಪಿನಲ್ಲಿಲ್ಲ. ಹುರುಳಿ, ಹೆಸರು ಬಂದ ಕಾಲಕ್ಕೆ ನಮ್ಮವರು ಡಾಂಬರಿನ ಮೇಲೇ ಬಳ್ಳಿ ಹರವುತ್ತಾರೆ. ಹೋಗಿಬರುವ ಗಾಡಿಗಳ ಗಾಲಿಯೇ ಒಕ್ಕಬೇಕು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡ ಕಾರು ಇದರ ಮೇಲೆ ಬಂದರೆ ಬಳ್ಳಿ ತಳಕ್ಕೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಹೊಗೆಯಾಡುತ್ತದೆ. ಬೈಕಿನವರು ಜಾರಿ ಬೀಳುವುದೂ ಉಂಟು. ಒಪ್ಪುವ ಪದ್ಧತಿಯಲ್ಲ, ಖರೆ. ಆದರೆ ರೈತನಿಗೆ ಹತ್ತಿರದಲ್ಲಿ ಗಟ್ಟಿ ಕಣ ಎಲ್ಲಿದೆ? ಊರಿನಲ್ಲಿರುವ ಒಂದೇ ಗಟ್ಟಿ ನೆಲ ರಸ್ತೆ. ಅದೂ ಎಷ್ಟು ದಿನ ಗಟ್ಟಿ? ಎರಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅಡಿಪಾಯಕ್ಕೆ ಗರಸು ಹಾಕಿ ಗಟ್ಟಿ ಮಾಡದೆ ಮೇಲೆ ಡಾಂಬರು ಬಳಿದು ಬಿಲ್ಲು ತೆಗೆದರೆ ಎರಡನೆಯ ಮುಂಗಾರಿಗೆ ರಸ್ತೆ ಹಪ್ಪಳ. ಟೈರಿನ ಒಂದೊಂದು ಮಿಲಿಮೀಟರಿಗೂ ಲೆಕ್ಕವಿದೆ, ಗ್ರೇಡಿದೆ, ಮೊಹರಿದೆ. ಅದು ಉರುಳಬೇಕಾದ ನೆಲಕ್ಕೆ ಹೊಣೆ ಹೊತ್ತವರ ಹೆಸರು ಎಲ್ಲೂ ಅಚ್ಚಾಗಿಲ್ಲ.

ಈ ಸೀಮೆಯಲ್ಲಿ ಟೈರಿನ ಕಡೆಯ ಉಪಯೋಗ ಯಾವುದೆಂದು ಪ್ರಬಂಧ ಹೇಳಲೇಬೇಕು. ಕೆಲವು ಚಪ್ಪಲಿಯಾಗುತ್ತವೆ. ಉಳಿದವು ಬಂದ್ ದಿನ, ನೀರಿನ ಹೋರಾಟದಲ್ಲಿ, ನಡುರಸ್ತೆಯಲ್ಲಿ ಉರಿಯುತ್ತವೆ. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆಯಿತು. ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಬಾರದೆಯೇ ಕರ ಕಟ್ಟಿರೆಂದದ್ದಕ್ಕೆ ಎದ್ದ ರೈತರಲ್ಲಿ ವೀರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದರು. 2015ರಲ್ಲಿ ಅದೇ ಊರು ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಿರೆಂದು ಧರಣಿ ಕೂತಿತು. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ ಕರ್ನಾಟಕದ 7.56 ಟಿಎಂಸಿಯ ಮಧ್ಯಂತರ ಬೇಡಿಕೆಯನ್ನು ತಳ್ಳಿಹಾಕಿತು. 2018ರಲ್ಲಿ ಅಂತಿಮ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಎಂದಿತು. ನೀರು ಇನ್ನೂ ಮಲಪ್ರಭೆಯ ಕಡೆಗೆ ತಿರುಗಿಲ್ಲ. ಕುಡಿಯುವ ನೀರು ಕೇಳಲು ರಸ್ತೆಗೆ ಬರಬೇಕು, ಬಂದರೆ ಕೇಸು ಹಾಕಿಸಿಕೊಳ್ಳಬೇಕು, ಕೇಸಿಗೆ ವರ್ಷಾನುಗಟ್ಟಲೆ ಕೋರ್ಟಿಗೆ ಅಲೆಯಬೇಕು. ಆ ಅಲೆದಾಟಕ್ಕೂ ಇದೇ ರಸ್ತೆ, ಮೋಟರ್‌ಸೈಕಲ್ಲಿಗೆ ಅದೇ ರಿಸೋಲ್ ಮಾಡಿಸಿದ ಟೈರು.

ಇದು ಟೈರಿನ ಪ್ರಬಂಧವೋ ನೀರಿನದೋ ಎಂದು ಮಾರ್ಗದರ್ಶಕರು ಕೇಳುತ್ತಾರೆ, ಗೊತ್ತು. ನಾಲ್ಕನೆಯ ಅಧ್ಯಾಯಕ್ಕೆ ‘ಚಕ್ರಾವರಣ ಮತ್ತು ಆಧುನಿಕೋತ್ತರ ಅಸ್ಮಿತೆ’ ಎಂದು ಹೆಸರಿಟ್ಟುಕೊಂಡಿದ್ದೆ. ಅದನ್ನು ನಾನು ಬರೆಯುವುದಿಲ್ಲ. ಪದವಿ ಬೇಕಾದವರು ಬರೆದುಕೊಳ್ಳಲಿ.