ರಿಗ್ ರಾಯರು

ರಾಯರಿಗೆ ಕಾರಿನ ಹುಚ್ಚು ಎಂದು ಅವರ ಆಫೀಸಿನವರು ನಂಬಿದ್ದಾರೆ. ಹಾಗೇನಿಲ್ಲ. ರಾಯರ ಸ್ವಂತ ಕಾರು ವಾರಕ್ಕೊಮ್ಮೆ ಬೇಸ್‌ಮೆಂಟಿನಿಂದ ಮೇಲೆ ಬರುತ್ತದೆ, ಅದನ್ನು ಓಡಿಸುವವರು ಅವರ ಹೆಂಡತಿ. ರಾಯರು ಪಕ್ಕದ ಸೀಟಿನಲ್ಲಿ ಕೂತು ಫೋನಿನಲ್ಲಿ ಮದರ್‌ಬೋರ್ಡಿನ ದರ ನೋಡುತ್ತಿರುತ್ತಾರೆ. ಹಾಗಾದರೆ ಕಂಪ್ಯೂಟರ್ ಗೇಮಿನ ಹುಚ್ಚೇ ಎಂದು ಕೇಳೀರಿ ಜೋಕೆ, ಗೇಮ್ ಎಂದವರ ಜೊತೆ ಅವರು ಎರಡು ದಿನ ಮಾತು ಬಿಡುತ್ತಾರೆ. ಅದು ಸಿಮ್ಯುಲೇಟರ್. ರಾಯರ ಹುಚ್ಚು ಇವೆರಡಕ್ಕಿಂತ ಒಂದು ಮೆಟ್ಟಿಲು ಮೇಲಿನದು: ಸಿಮ್ ರೇಸಿಂಗಿಗೆಂದೇ ಮೀಸಲಾದ, ಬೇರೆ ಯಾವ ಕೆಲಸಕ್ಕೂ ಮುಟ್ಟಬಾರದ ಒಂದು ಕಂಪ್ಯೂಟರಿಗೆ ಪಾರ್ಟ್ಸ್ ಆರಿಸುವುದು.

ಗಮನಿಸಿ, ಆರಿಸುವುದು. ಕೊಳ್ಳುವುದು ಎಂದು ನಾನು ಹೇಳಲಿಲ್ಲ.

ಇಂಥವರೊಬ್ಬರು ನಿಮ್ಮ ಪರಿಚಯದಲ್ಲೂ ಇರುತ್ತಾರೆ. ವಯಸ್ಸು ಮೂವತ್ತೈದು ದಾಟಿದೆ, ಸಂಬಳ ಚೆನ್ನಾಗಿದೆ, ಇಎಂಐ ಅದಕ್ಕಿಂತ ಚೆನ್ನಾಗಿದೆ. ಮನೆ ಕೊಳ್ಳುವಾಗ ಎರಡು ಸಲ ನೋಡಿ ಸಹಿ ಹಾಕಿದವರು, ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಕೊಳ್ಳಲು ಎರಡು ವರ್ಷ ಯೋಚಿಸುತ್ತಾರೆ. ನಮ್ಮ ರಾಯರ ಬಳಿ ಒಂದು ಎಕ್ಸೆಲ್ ಶೀಟ್ ಇದೆ. ಪಾರ್ಟಿನ ಹೆಸರು, ದರ, ಜಿಎಸ್‌ಟಿ, ವಾರಂಟಿ, ಎಷ್ಟು ವ್ಯಾಟ್ ಎಳೆಯುತ್ತದೆ, ಹೀಗೆ ಕಾಲಮ್ಮುಗಳು. ಎಲ್ಲಕ್ಕಿಂತ ಅಗಲವಾದ ಕಾಲಮ್ಮಿನ ತಲೆಬರಹ ‘ಯಾಕೆ ಬೇಡ’.

ರೋಗ ಅಂಟಿದ್ದು 2020ರಲ್ಲಿ. ಕೊರೊನಾ ಅಲ್ಲ, ಅದರ ಬೆನ್ನಿಗೆ ಬಂದದ್ದು. ಟ್ರ್ಯಾಕುಗಳೆಲ್ಲ ಬೀಗ ಹಾಕಿಕೊಂಡಾಗ ಫಾರ್ಮುಲಾ ಒನ್‌ನವರು ವರ್ಚುವಲ್ ಗ್ರ್ಯಾನ್ ಪ್ರಿ ನಡೆಸಿದರು. ಲೆಕ್ಲೇರ್, ರಸೆಲ್, ನಾರಿಸ್‌ನಂಥ ಚಾಲಕರು ಮನೆಯಲ್ಲೇ ಸ್ಟೀರಿಂಗ್ ಹಿಡಿದು ಕೂತರು. ರಾಯರಿಗೂ ಆಗ ವರ್ಕ್ ಫ್ರಮ್ ಹೋಮ್. ತಮಗೂ ಲೆಕ್ಲೇರ್‌ಗೂ ನಡುವೆ ಇರುವುದು ಒಂದು ಕಂಪ್ಯೂಟರ್ ಮಾತ್ರ ಎಂದು ಒಂದು ಮಧ್ಯಾಹ್ನ ಅವರಿಗೆ ಹೊಳೆದುಬಿಟ್ಟಿತು.

ಆರಂಭ ಸರಳವಾಗಿಯೇ ಇತ್ತು. ಒಂದು ಸಾಧಾರಣ ಸ್ಟೀರಿಂಗ್ ತರಿಸಿ ಊಟದ ಟೇಬಲ್ಲಿಗೆ ಬಿಗಿದರು. ಹಳೇ ಲ್ಯಾಪ್‌ಟಾಪಿನಲ್ಲಿ ಅಸೆಟ್ಟೊ ಕೋರ್ಸಾ ಹಾಕಿದರು. 2014ರದ್ದು, ಲ್ಯಾಪ್‌ಟಾಪ್ ಹೇಗೋ ತಡೆದುಕೊಂಡಿತು. ತಡೆದುಕೊಳ್ಳದೇ ಹೋದದ್ದು ಕುರ್ಚಿ. ಆಫೀಸ್ ಕುರ್ಚಿಗೆ ಚಕ್ರ ಇರುತ್ತದಲ್ಲ, ಮೊದಲ ತಿರುವಿನಲ್ಲಿ ರಾಯರು ಬ್ರೇಕ್ ಒತ್ತಿದರು. ಪರದೆಯ ಮೇಲಿನ ಕಾರು ನಿಂತಿತು, ರಾಯರು ಹಿಂದಕ್ಕೆ ಹೊರಟು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ಕುರ್ಚಿಯ ಚಕ್ರಕ್ಕೆ ಕಲ್ಲು ಕೊಟ್ಟರೆ ಮುಗಿಯುತ್ತಿದ್ದ ಸಮಸ್ಯೆ ಅದು. ರಾಯರು ಜೆ.ಸಿ. ರಸ್ತೆಗೆ ಹೋಗಿ ಯಾವುದೋ ಕಾರಿನಿಂದ ಬಿಚ್ಚಿದ ಸೀಟು ತಂದರು, ಅದನ್ನು ಅಲ್ಯುಮಿನಿಯಂ ಚೌಕಟ್ಟಿಗೆ ಬೋಲ್ಟ್ ಹಾಕಿ ಹಾಲಿನಲ್ಲಿ ಕೂರಿಸಿದರು. ಇದಕ್ಕೆ ರಿಗ್ ಎನ್ನುತ್ತಾರೆ. ರಾಯರಿಗೆ ಹೆಸರು ಬಂದದ್ದು ಇಲ್ಲಿಂದ.

ಇನ್ನು ಬೇಕಾದದ್ದು ಕಂಪ್ಯೂಟರ್ ಒಂದೇ. ಆ ‘ಒಂದೇ’ ಬರುವವರೆಗೆ ಸೀಟು ಖಾಲಿ ಇರಬಾರದೆಂದು ಮಾವನವರು ಅದರಲ್ಲಿ ಕೂತು ಪೇಪರ್ ಓದತೊಡಗಿದರು. ಸೊಂಟಕ್ಕೆ ಒಳ್ಳೆಯ ಆಸರೆ, ಡಾಕ್ಟರು ಹೇಳಿದ್ದ ಕುರ್ಚಿಗಿಂತ ವಾಸಿ ಎಂದು ಅವರ ಅಭಿಪ್ರಾಯ. ಐದು ವರ್ಷ ಅವರೇ ಕೂತರು.

ರಾಯರನ್ನು ನಗೆಪಾಟಲು ಮಾಡುವುದಕ್ಕೆ ಒಂದೇ ತೊಡಕು. ಅವರು ಹೇಳುವುದೆಲ್ಲ ಸರಿ. ಪ್ರೊಸೆಸರಿನ ವಿಷಯವನ್ನೇ ತೆಗೆದುಕೊಳ್ಳಿ. ಟೈರಿನ ಬಿಸಿ, ಸವೆತ, ಸಸ್ಪೆನ್ಷನ್ನಿನ ಕುಲುಕು, ಎಲ್ಲವನ್ನೂ ಸಿಮ್ ಸೆಕೆಂಡಿಗೆ ನೂರಾರು ಸಲ ಲೆಕ್ಕ ಹಾಕಬೇಕು. ಚಿಪ್ಪಿನಲ್ಲಿ ಹದಿನಾರು ಕೋರ್ ಇದ್ದರೂ ಭಾರದ ಕೆಲಸ ಬೀಳುವುದು ಒಂದೆರಡು ಕೋರಿನ ಹೆಗಲಿಗೆ. (ಈ ಏರ್ಪಾಟು ನಮ್ಮ ಆಫೀಸುಗಳಲ್ಲೂ ಇದೆ ಎನ್ನುವುದು ಬೇರೆ ಮಾತು.) ಆದ್ದರಿಂದ ಕೋರ್ ಎಣಿಸಬೇಡಿ, ಚಿಪ್ಪಿನೊಳಗಿನ ಮೆಮೊರಿ, ಅಂದರೆ ಕ್ಯಾಶ್ ನೋಡಿ ಎನ್ನುತ್ತಾರೆ ರಾಯರು. ನಿಜ. 2022ರ ಏಪ್ರಿಲ್‌ನಲ್ಲಿ ಎಎಂಡಿಯವರು 5800ಎಕ್ಸ್3ಡಿ ಎಂಬ ಪ್ರೊಸೆಸರ್ ಬಿಟ್ಟರು, ಚಿಪ್ಪಿನ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿ 96 ಎಂಬಿ ಕ್ಯಾಶ್ ತುಂಬಿದ್ದರು. ರೇಸಿನವರೆಲ್ಲ ಮುಗಿಬಿದ್ದರು. ರಾಯರೂ ಕಾರ್ಡ್ ಕೈಗೆ ತೆಗೆದುಕೊಂಡರು, ಅಷ್ಟರಲ್ಲಿ ಆರೇ ತಿಂಗಳಲ್ಲಿ ಎಎಂ5 ಎಂಬ ಹೊಸ ಸಾಕೆಟ್ ಬರುವ ಸುದ್ದಿ. ಹಳೇ ಎಎಂ4 ಸಾಕೆಟ್ಟಿಗೆ ದುಡ್ಡು ಹಾಕುವ ಮೂರ್ಖ ಯಾರು? 2023ರಲ್ಲಿ 7800ಎಕ್ಸ್3ಡಿ ಬಂತು. ಚಿಪ್ ಚಿನ್ನ, ಆದರೆ ಬೋರ್ಡೂ ಡಿಡಿಆರ್5 ರ್‍ಯಾಮೂ ದುಬಾರಿ, ಸ್ವಲ್ಪ ಇಳಿಯಲಿ. ಇಳಿಯಿತು. ಇಳಿಯುವ ಹೊತ್ತಿಗೆ 2024ರ ನವೆಂಬರ್, 9800ಎಕ್ಸ್3ಡಿ ಬಂತು. “ಮೇಲಿದ್ದ ಕ್ಯಾಶ್‌ನ ಅಂತಸ್ತನ್ನ ಈಗ ಕೆಳಗೆ ಹಾಕಿದಾರೆ ಕಣ್ರೀ, ಬಿಸಿ ನೇರ ಮೇಲಕ್ಕೆ ಹೋಗುತ್ತೆ” ಎಂದು ರಾಯರು ನನಗೆ ವಿವರಿಸಿದಾಗ ಅವರ ಕಣ್ಣಿನಲ್ಲಿ ಇದ್ದ ಬೆಳಕನ್ನು ನಾನು ಅವರ ಗೃಹಪ್ರವೇಶದ ದಿನವೂ ಕಂಡಿರಲಿಲ್ಲ.

ಕೊಂಡರೇ? ಹೊಸದು, ದರ ಹೆಚ್ಚು, ಸ್ವಲ್ಪ ಇಳಿಯಲಿ.

ಪ್ರೊಸೆಸರ್ ಒಂದನ್ನು ಒಪ್ಪಿಕೊಂಡರೂ ಮುಗಿಯಲಿಲ್ಲ, ಜಾತಕ ಕೂಡಬೇಕು. ಎಎಂ4 ಗೋತ್ರದ ಚಿಪ್ಪು ಎಎಂ5 ಗೋತ್ರದ ಬೋರ್ಡಿಗೆ ಆಗದು. ಇಲ್ಲಿ ಸಗೋತ್ರವೇ ಆಗಬೇಕು, ಅದೊಂದೇ ವ್ಯತ್ಯಾಸ. ಬೋರ್ಡಿಗೆ ರ್‍ಯಾಮ್ ಕೂಡಬೇಕು, ಗ್ರಾಫಿಕ್ಸ್ ಕಾರ್ಡಿನ ಉದ್ದಕ್ಕೆ ಕ್ಯಾಬಿನೆಟ್ ಕೂಡಬೇಕು, ಕೂಲರಿನ ಎತ್ತರಕ್ಕೆ ಕ್ಯಾಬಿನೆಟ್ಟಿನ ಅಗಲ ಕೂಡಬೇಕು, ಇಷ್ಟೂ ಮಂದಿಯ ಹಸಿವಿಗೆ ಎಸ್‌ಎಂಪಿಎಸ್ ಕೂಡಬೇಕು. ಎಲ್ಲ ಕೂಡಿಬಂದ ದಿನ ರಾಯರಿಗೆ ಒಂದು ಬಗೆಯ ಬೇಸರ ಕವಿಯುತ್ತದೆ. ಮಾರನೆಯ ಬೆಳಿಗ್ಗೆ ಒಂದು ದೋಷ ಸಿಕ್ಕಿ ಲವಲವಿಕೆ ಮರಳುತ್ತದೆ. 4090 ಗ್ರಾಫಿಕ್ಸ್ ಕಾರ್ಡಿನ ಪವರ್ ಕನೆಕ್ಟರ್ ಕರಗಿದ ಚಿತ್ರಗಳು 2022ರಲ್ಲಿ ಓಡಾಡಿದವಲ್ಲ, ಆ ವಾರ ಅವರಷ್ಟು ಸುಖಿ ಬೆಂಗಳೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಕೊಳ್ಳದೇ ಇದ್ದದ್ದಕ್ಕೆ ಸಾಕ್ಷಿ ಸಮೇತ ಸಮರ್ಥನೆ ಸಿಕ್ಕಿತ್ತು.

ಪರದೆಯ ಪ್ರಶ್ನೆ ಇನ್ನೊಂದು ಪರ್ವ. ಒಂದೇ ಪರದೆಯಲ್ಲಿ ರೇಸ್ ಮಾಡಿದರೆ ಪಕ್ಕಕ್ಕೆ ಬಂದ ಕಾರು ಕಾಣದು, ಆದ್ದರಿಂದ ಮೂರು ಪರದೆ ಬೇಕು. ಮೂರು ಎಂದರೆ 7680×1440, ಅಂದರೆ ಒಂದು ಕೋಟಿ ಹತ್ತು ಲಕ್ಷ ಪಿಕ್ಸೆಲ್. 4ಕೆ ಟೀವಿಯಲ್ಲಿ ಇರುವುದೇ 83 ಲಕ್ಷ. ಅಷ್ಟನ್ನು ತಳ್ಳುವ ಗ್ರಾಫಿಕ್ಸ್ ಕಾರ್ಡ್ ಬೇಕೆಂದರೆ 2025ರಲ್ಲಿ ಬಂದ 5090 ಕಣ್ಣು ಹೊಡೆಯುತ್ತದೆ, ಆದರೆ ಅದು ಒಂದೇ 575 ವ್ಯಾಟ್ ನುಂಗುತ್ತದೆ. ನಮ್ಮ ಬೀದಿಯಲ್ಲಿ ಕರೆಂಟ್ ಹೋಗುವ ರೀತಿಗೆ ಅದಕ್ಕೊಂದು ಯುಪಿಎಸ್ ಇಟ್ಟರೆ ಆ ಯುಪಿಎಸ್‌ಗೊಂದು ಕೋಣೆ ಬೇಕು. ಮೂರರ ಬದಲು 49 ಇಂಚಿನ ಒಂದೇ ಬಾಗಿದ ಪರದೆಯಾದರೆ 74 ಲಕ್ಷ ಪಿಕ್ಸೆಲ್ಲಿಗೆ ಮುಗಿಯುತ್ತದೆ, ಕಾರ್ಡೂ ಸಣ್ಣದು ಸಾಕು. ವಿಆರ್ ಕನ್ನಡಕ ಹಾಕಿದರೆ ಪರದೆಯೇ ಬೇಡ, ಆದರೆ ಸ್ನೇಹಿತರ ಮನೆಯಲ್ಲಿ ಅದನ್ನು ಹಾಕಿಕೊಂಡು ಒಂದು ಸುತ್ತು ಹೊಡೆದ ರಾಯರು ತಿಂದ ಮಸಾಲೆ ದೋಸೆಯನ್ನು ಅಲ್ಲೇ ಬಿಟ್ಟು ಬಂದರು.

ಪರದೆ ಎಷ್ಟು ದೂರ ಇರಬೇಕೆಂಬುದಕ್ಕೂ ಲೆಕ್ಕ ಇದೆ. ಕಣ್ಣಿನಿಂದ ಪರದೆಗಿರುವ ದೂರ, ಪರದೆಯ ಅಗಲ, ಎರಡೂ ಗೊತ್ತಾದರೆ ಎಷ್ಟು ಡಿಗ್ರಿ ನೋಟ ಎಂದು ತಿಳಿಯುತ್ತದೆ, ಅದು ಸರಿಯಿದ್ದರೆ ತಿರುವಿನ ದೂರ ಕಣ್ಣಿಗೆ ನಿಜವಾಗಿ ಸಿಗುತ್ತದೆ. ಒಂದು ಭಾನುವಾರ ನಾನು ಹೋದಾಗ ಮಾವನವರು ರಿಗ್ಗಿನಲ್ಲಿ ಪೇಪರ್ ಮಡಚಿ ಹಿಡಿದು ಕೂತಿದ್ದರು. ರಾಯರು ಹೆಂಡತಿಯ ಹೊಲಿಗೆಯ ಟೇಪಿನ ಒಂದು ತುದಿಯನ್ನು ಅವರ ಕನ್ನಡಕಕ್ಕೆ ತಾಗಿಸಿ, ಇನ್ನೊಂದು ತುದಿ ಹಿಡಿದು ಗೋಡೆಯವರೆಗೆ ಮಂಡಿಯಲ್ಲಿ ಹೋಗುತ್ತಿದ್ದರು. “ಅಲ್ಲಾಡಬೇಡಿ ಮಾವ, ಎಪ್ಪತ್ತೆರಡು ಸೆಂಟಿಮೀಟರ್.” ಮಾವನವರು ಅಲ್ಲಾಡಲಿಲ್ಲ. ಕಣ್ಣಿನ ಪೊರೆಯ ಆಪರೇಷನ್ನಿನ ಅಳತೆ ಇರಬೇಕೆಂದು ಅವರು ತಿಳಿದಿದ್ದರಂತೆ.

ಸರ್ಕಾರವೂ ರಾಯರ ಪರವಾಗಿಯೇ ಕೆಲಸ ಮಾಡಿತು. ಮಾನಿಟರ್ 32 ಇಂಚು ದಾಟಿದರೆ ಶೇ. 28 ಜಿಎಸ್‌ಟಿ, ದಾಟದಿದ್ದರೆ ಶೇ. 18 ಇತ್ತು. 49 ಇಂಚಿನ ಪರದೆಯನ್ನು ಈ ಒಂದೇ ಕಾರಣಕ್ಕೆ ಅವರು ವರ್ಷಗಟ್ಟಲೆ ಮುಂದೂಡಿದರು. 2025ರ ಸೆಪ್ಟೆಂಬರ್ 22ಕ್ಕೆ ಅದೂ ಶೇ. 18ಕ್ಕೆ ಇಳಿಯಿತು. ಮನೆಯವರೆಲ್ಲ ಉಸಿರು ಬಿಗಿಹಿಡಿದರು. ದೀಪಾವಳಿ ಸೇಲ್ ಕಳೆಯಲಿ ಎಂದರು ರಾಯರು. ಕಳೆಯಿತು. ಕಳೆದದ್ದೇ ತಡ, ಜಗತ್ತಿನ ಎಐ ಕಂಪನಿಗಳೆಲ್ಲ ಮೆಮೊರಿ ಚಿಪ್ಪನ್ನು ಬಾಚಿಕೊಳ್ಳತೊಡಗಿ ವರ್ಷದ ಕೊನೆಗೆ ರ್‍ಯಾಮಿನ ದರ ದುಪ್ಪಟ್ಟು ದಾಟಿತು. ಪರದೆಯಲ್ಲಿ ಉಳಿಸಿದ್ದು ರ್‍ಯಾಮಿನಲ್ಲಿ ಹೋಯಿತು ಎಂದು ನಾನು ಅಂದೆ. “ನಾನಿನ್ನೂ ಕೊಂಡೇ ಇಲ್ವಲ್ಲ, ಹೋಗಿದ್ದು ಹೇಗೆ?” ಎಂದರು. ಉತ್ತರ ಹೊಳೆಯಲಿಲ್ಲ.

ಇಷ್ಟಾದರೂ ಶನಿವಾರ ಬಂತೆಂದರೆ ಎಸ್.ಪಿ. ರಸ್ತೆಗೆ ಹಾಜರಿ ತಪ್ಪದು. ಅಲ್ಲಿ ಅವರದೊಂದು ಖಾಯಂ ಅಂಗಡಿ. ಮೊಣಕೈ ಅಗಲಿಸಿದರೆ ಎರಡೂ ಗೋಡೆ ತಾಗುತ್ತದೆ, ಸೀಲಿಂಗಿನವರೆಗೆ ಕ್ಯಾಬಿನೆಟ್ ಡಬ್ಬಗಳು. ಕೌಂಟರಿನ ಹಿಂದೆ ಹುಡುಗನೊಬ್ಬ ಬೆರಳ ತುದಿಯಷ್ಟು ಥರ್ಮಲ್ ಪೇಸ್ಟ್ ಚಿಪ್ಪಿನ ನಡುವೆ ಇಟ್ಟು, ಕೂಲರ್ ಕೂರಿಸಿ, ನಾಲ್ಕು ಸ್ಕ್ರೂವನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಬಿಗಿಯುತ್ತಾನೆ. ಒಂದು ಕೈಯಲ್ಲಿ ಟೀ ಇರುತ್ತದೆ. ಚುಕ್ಕಿ ಇಡಬೇಕೋ ಗೀಟು ಎಳೆಯಬೇಕೋ ಎಂಬ ಬಗ್ಗೆ ರಾಯರು ಅವನಿಗೆ ಅರ್ಧ ಗಂಟೆ ಪಾಠ ಹೇಳುವಷ್ಟರಲ್ಲಿ ಅವನು ಇಡೀ ಮಷಿನ್ ಜೋಡಿಸಿ ಆನ್ ಮಾಡಿರುತ್ತಾನೆ. ಮಾಲೀಕರು ಮಾತ್ರ ರಾಯರಿಗೆ ಸ್ಟೂಲ್ ಹಾಕಿ ಕೂರಿಸುತ್ತಾರೆ. ಏನೂ ಕೊಳ್ಳದ ಗಿರಾಕಿಗೆ ಈ ಮರ್ಯಾದೆ ಏಕೆಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ.

ಅರ್ಥ ಮಾಡಿಸಿದವರು ರಾಯರ ಹೆಂಡತಿ. ಆಡಿಟಿಂಗ್ ಕೆಲಸದವರು, ಎಕ್ಸೆಲ್ ಶೀಟಿಗೆ ಹೆದರುವವರಲ್ಲ. ಅವರ ಸಹನೆ ಮುಗಿದದ್ದು ಫಾರ್ಮುಲಾ ಒನ್ ಚಾಲಕ ವರ್‌ಸ್ಟಾಪನ್ ಹೆಸರಿನಲ್ಲಿ. 2024ರ ಮೇ ತಿಂಗಳಲ್ಲಿ ವರ್‌ಸ್ಟಾಪನ್ ಇಮೋಲಾದಲ್ಲಿ ನಿಜವಾದ ಗ್ರ್ಯಾನ್ ಪ್ರಿ ಗೆದ್ದ. ಅದೇ ವಾರಾಂತ್ಯ ಸಿಮ್‌ನಲ್ಲಿ ನಡೆದ ನ್ಯೂರ್‌ಬರ್ಗ್‌ರಿಂಗ್ 24 ಗಂಟೆಯ ಓಟದಲ್ಲೂ ಪಾಳಿಯ ಮೇಲೆ ಓಡಿಸಿ ಅವನ ತಂಡ ಗೆದ್ದಿತು. ಇದನ್ನು ರಾಯರು ಊಟದ ಹೊತ್ತಿಗೆಲ್ಲ ಹೇಳುತ್ತಿದ್ದರು. “ನೋಡು, ನಾಲ್ಕು ಸಲದ ವಿಶ್ವ ಚಾಂಪಿಯನ್ನೇ ಇದನ್ನ ಎಷ್ಟು ಸೀರಿಯಸ್ಸಾಗಿ ತಗೊಂಡಿದಾನೆ!”

“ತಗೊಂಡಿದಾರೆ ರೀ. ಆಮೇಲೆ ಓಡಿಸಿದಾರೆ.”

ಮುಂದಿನ ಶನಿವಾರ ರಾಯರಿಗೆ ಆಫೀಸಿನಲ್ಲಿ ರಿಲೀಸ್ ಇತ್ತು. ಆಕೆ ಶೀಟನ್ನು ಪ್ರಿಂಟ್ ತೆಗೆದು, ‘ಯಾಕೆ ಬೇಡ’ ಕಾಲಮ್ಮನ್ನು ಕತ್ತರಿಯಲ್ಲಿ ಕತ್ತರಿಸಿ, ಅಪ್ಪನನ್ನು ಕರೆದುಕೊಂಡು ಎಸ್.ಪಿ. ರಸ್ತೆಗೆ ಹೋದರು. ಮಾಲೀಕರು ಕಾಗದ ನೋಡುತ್ತಲೇ ಎದ್ದು ನಿಂತರಂತೆ. “ಈ ಲಿಸ್ಟ್ ಗೊತ್ತು ಮೇಡಂ. ಸಾರ್ ನಿಮ್ಮನೆಯವರಾ? ಇದೇ ಲಿಸ್ಟ್ ಹಿಡ್ಕೊಂಡು ಬಂದೋರಿಗೆ ಎಷ್ಟೋ ಮಷಿನ್ ಹಾಕ್ಕೊಟ್ಟಿದೀನಿ. ಒಂದೂ ವಾಪಸ್ ಬಂದಿಲ್ಲ.”

ಹೌದು, ರಾಯರ ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ, ಮೈಸೂರಿನ ನೆಂಟರಲ್ಲಿ ಯಾರಿಗೆ ಕಂಪ್ಯೂಟರ್ ಬೇಕಾದರೂ ರಾಯರೇ ಪಟ್ಟಿ ಮಾಡಿಕೊಡುವವರು. ಬೇರೆಯವರಿಗೆ ಅವರು ಹತ್ತು ನಿಮಿಷದಲ್ಲಿ ತೀರ್ಮಾನ ಹೇಳುತ್ತಾರೆ. ಅನುಮಾನಿಸಿದರೆ “ಅಷ್ಟೆಲ್ಲ ಯೋಚನೆ ಮಾಡಬಾರದು, ತಗೊಂಡುಬಿಡಿ” ಎಂದು ಗದರುವುದೂ ಉಂಟು.

ಮೂರು ಪರದೆಯ ಸಮೇತ ಮಷಿನ್ ಮನೆಗೆ ಬಂದ ದಿನ ರಾಯರು ಮೊದಲು ಬಿಲ್ ಕೇಳಿದರು, ಆಮೇಲೆ ಕ್ಯಾಬಿನೆಟ್ಟಿನ ಗಾಜು ತೆಗೆದು ಟಾರ್ಚ್ ಬಿಟ್ಟು ನೋಡಿದರು. ತಪ್ಪು ಹುಡುಕಲು ಆಗಲಿಲ್ಲ, ಪಟ್ಟಿ ಅವರದೇ. ಆ ರಾತ್ರಿ ಮಾವನವರು ಐದು ವರ್ಷದ ಮೇಲೆ ಸೀಟು ಬಿಟ್ಟುಕೊಟ್ಟು ಸೋಫಾದ ತುದಿಗೆ ಬಂದು ಕೂತರು. ನಾನೂ ಹೋಗಿದ್ದೆ. ಬೆಲ್ಜಿಯಂನ ಸ್ಪಾ ಟ್ರ್ಯಾಕು, ರಾಯರನ್ನೂ ಸೇರಿಸಿ ಇಪ್ಪತ್ನಾಲ್ಕು ಕಾರು. ಹಸಿರು ದೀಪ ಬಿತ್ತು. ಬಲಕ್ಕೆ ಹೊರಳಿ, ಇಳಿದು ಓ ರೂಜ್ ಏರು ಹತ್ತಬೇಕು. ಕಾರುಗಳೆಲ್ಲ ಹತ್ತಿದವು. ರಾಯರ ಕಣ್ಣು ಮಾತ್ರ ರಸ್ತೆಯ ಮೇಲಿರಲಿಲ್ಲ, ಪರದೆಯ ಬಲಮೂಲೆಯಲ್ಲಿ ಹಸಿರು ಅಕ್ಷರದಲ್ಲಿ ಓಡುತ್ತಿದ್ದ ಫ್ರೇಮ್ ರೇಟಿನ (ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕದ) ಮೇಲಿತ್ತು. ಕಾರು ನೇರ ಹೋಗಿ ಟೈರಿನ ಗೋಡೆಗೆ ಗುದ್ದಿತು, ಹಿಂದೆ ಬಂದ ಎರಡು ಕಾರು ರಾಯರಿಗೆ ಗುದ್ದಿದವು, ಮೂರೂ ಪರದೆಯಲ್ಲಿ ಹೊಗೆ ತುಂಬಿತು. ರಾಯರು ಸ್ಟೀರಿಂಗ್ ಬಿಟ್ಟು ನಮ್ಮ ಕಡೆ ತಿರುಗಿದರು. ಮುಖ ಅರಳಿತ್ತು.

“ಎಷ್ಟನೆಯವರಾಗಿ ಬಂದ್ರಿ ಅಳಿಯಂದಿರೇ?” ಎಂದರು ಮಾವನವರು.

“ನೂರ ನಲವತ್ತು, ಮಾವ! ಅಷ್ಟು ಹೊಗೆಯಲ್ಲೂ ನೂರ ನಲವತ್ತು!”

ಮಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇದ್ದಿದ್ದೇ ಇಪ್ಪತ್ನಾಲ್ಕು ಗಾಡಿ ಅಲ್ವೇ?”