ಚಕ್ರಭ್ರಮಣ ಮೀಮಾಂಸೆ

ಮುದ್ದೇಬಿಹಾಳದ ಕಡೆಯ ಒಂದು ಜಾತ್ರೆಯಲ್ಲಿ ಶ್ರೀಕೃಷ್ಣ ಪಾರಿಜಾತವು ನಡೆದಿರಲಾಗಿ, ಅದನ್ನು ಮೊಬೈಲಿನಲ್ಲಿ ನೇರಪ್ರಸಾರವಾಗಿ ನೋಡುತ್ತ ಇಂಡಿಯ ಪಡಸಾಲೆಯಲ್ಲಿ ಕುಳಿತ ಸಹೃದಯನಿಗೆ, ಸತ್ಯಭಾಮೆಯು ಮುನಿದು ಮೋರೆ ತಿರುವುವ ಗಳಿಗೆಯಲ್ಲಿಯೇ ಆ ಮೋರೆಯು ಸ್ತಂಭಿಸಿ, ಅದರ ಮೇಲೊಂದು ಚಕ್ರವು ತಿರುಗಲಾರಂಭಿಸುವುದೇಕೆ ಎಂಬುದೇ ಈ ಪ್ರಬಂಧದ ಜಿಜ್ಞಾಸೆ. ಪಾರಿಜಾತದ ನಾಯಕನು ಚಕ್ರಧಾರಿಯಾದುದರಿಂದ ಚಕ್ರವು ಕಥಾಂಗವೇ ಇರಬಹುದೆಂದು ಕೆಲವರು ಸಮಾಧಾನ ಹೇಳುವರಾದರೂ, ಅದೇ ಚಕ್ರವು ಕ್ರಿಕೆಟ್ಟಿನಲ್ಲಿಯೂ ಕಾಣಿಸಿಕೊಳ್ಳುವುದರಿಂದ ಆ ವಾದವು ಅತಿವ್ಯಾಪ್ತಿದೋಷಕ್ಕೆ ಸಿಕ್ಕಿ ಬಿದ್ದುಹೋಗುತ್ತದೆ.

ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಆಚಾರ್ಯರಲ್ಲಿ ಐಕಮತ್ಯವಿಲ್ಲ. ಇಂಡಿಯ ನಿಂಬೆ ವ್ಯಾಪಾರಿಗಳ ಕಟ್ಟೆಯಲ್ಲಿ ಮಾನ್ಯವಾದ ಟವರ್‌ವಾದದ ಪ್ರಕಾರ ಸಮಸ್ತ ದೋಷವೂ ಟವರಿನದು. ಮುದ್ದೇಬಿಹಾಳದ ಊರ್ಧ್ವವಾದಿಗಳು ಫೋನು ಹಿಡಿದು ಮಾಳಿಗೆ ಏರುವರು. ಸಿಂದಗಿಯ ಪುನರ್ಜನ್ಮವಾದಿಗಳು ರೌಟರನ್ನು ಆರಿಸಿ ಮತ್ತೆ ಹಚ್ಚಿದಲ್ಲಿ ಪೂರ್ವಕರ್ಮವೆಲ್ಲ ಕ್ಷಯಿಸುವುದೆನ್ನುವರು. ಇದು ಎಷ್ಟೋ ಸಲ ಫಲಿಸುವುದೂ ದಿಟವೇ, ಆದರೆ ರೋಗದೊಡನೆ ರೋಗಕಾರಣದ ಗುರುತೂ ಅಳಿದುಹೋಗುವುದರಿಂದ ಮರುಸಂಜೆ ಮತ್ತೊಂದು ಜನ್ಮ ಅನಿವಾರ್ಯವಾಗುತ್ತದೆ. ಬಸವನ ಬಾಗೇವಾಡಿಯವರಾದರೋ, ಅನ್ಯರನ್ನು ತಿದ್ದುವ ಮುನ್ನ ತನ್ನನ್ನು ನೋಡಿಕೊಳ್ಳಬೇಕೆಂದು ಬೋಧಿಸಿದ ಮಹಾಪುರುಷನ ಜನ್ಮಸ್ಥಳದಲ್ಲಿದ್ದೂ, ತಪ್ಪೆಲ್ಲ ಜಾತ್ರೆಯಲ್ಲಿ ಕ್ಯಾಮೆರಾ ಹಿಡಿದವನದೆಂದು ತೀರ್ಪು ಕೊಟ್ಟು ಎಲೆ ಅಡಿಕೆಗೆ ಕೈ ಹಾಕುವರು.

"ತಮ್ಮಾ, ಮತ್ತ ಗಿರಗಿರ ತಿರಗಾಕತ್ತದ ನೋಡೋ" ಎಂಬುದು ಮೂಲಸೂತ್ರ. ಇದರ ಭಾಷ್ಯವು ಹೀಗಿದೆ. ಹಗೇವಿನಲ್ಲಿ ಜೋಳ ತುಂಬಿಟ್ಟ ರೈತನು ಮಳೆ ತಡವಾದರೂ ಉಣ್ಣುವಂತೆ, ಫೋನು ಮುಂದಿನ ಕೆಲವು ಕ್ಷಣಗಳ ದೃಶ್ಯವನ್ನು ಮೊದಲೇ ತರಿಸಿ ಕೂಡಿಟ್ಟು ಅದರಿಂದಲೇ ತೆಗೆದು ತೋರಿಸುತ್ತಿರುತ್ತದೆ. ಕೂಡಿಟ್ಟುದು ತೀರಿದಾಗ ಚಕ್ರೋದಯ. ಸಿನೆಮಾ ನೋಡುವಾಗ ಈ ದಾಸ್ತಾನು ದೊಡ್ಡದಿರಬಲ್ಲದು. ನೇರಪ್ರಸಾರದಲ್ಲಿ ಇನ್ನೂ ಕುಣಿಯದ ಕುಣಿತವನ್ನು ಕೂಡಿಡುವ ವಿದ್ಯೆ ಯಾರಿಗೂ ಸಿದ್ಧಿಸಿಲ್ಲವಾದ್ದರಿಂದ ಅದು ಅಲ್ಪವೇ ಸರಿ. ಅಳಿಯನು ಜಾತ್ರೆಯಿಂದ ವಿಡಿಯೋ ಕಾಲಿನಲ್ಲಿ ಆಟ ತೋರಿಸುವಾಗಲಂತೂ ಇನ್ನೊಂದು ವ್ಯಾಧಿಯುಂಟು: ಪ್ರತಿಯೊಂದು ಚಿತ್ರವನ್ನೂ ಇಡಿಯಾಗಿ ಕಳಿಸದೆ, ಅಪರೂಪಕ್ಕೊಂದು ಪೂರ್ಣಚಿತ್ರವನ್ನೂ ನಡುನಡುವೆ ಆದ ಬದಲಾವಣೆಗಳಷ್ಟನ್ನೂ ಕಳಿಸುವ ಪದ್ಧತಿಯಿರುವುದರಿಂದ, ದಾರಿಯಲ್ಲಿ ಕೆಲವು ತುಣುಕುಗಳು ಕಳೆದವೆಂದರೆ ಕೃಷ್ಣನ ಕಿರೀಟವು ಸತ್ಯಭಾಮೆಯ ಕೆನ್ನೆಯ ಮೇಲೆ ಹಾದುಹೋಗಿ, ಮುಂದಿನ ಪೂರ್ಣಚಿತ್ರವು ಬರುವ ತನಕ ಘೋರವಾದ ವರ್ಣಸಂಕರವು ಮುಂದುವರಿಯುತ್ತದೆ.

ದೋಷನಿರ್ಣಯಕ್ಕೆ ನಮ್ಮ ತಾರ್ಕಿಕರ ಅನ್ವಯ-ವ್ಯತಿರೇಕವೇ ಸಾಕು, ಹೊಸ ಪ್ರಮಾಣವೇನೂ ಬೇಕಿಲ್ಲ. ಮುದ್ರಿತವಾಗಿ ಉಳಿದ ಅದೇ ಆಟವನ್ನು ಮರುದಿನ ನೋಡತಕ್ಕದ್ದು: ನಿನ್ನೆ ಒಡೆದ ಸ್ಥಳದಲ್ಲಿಯೇ ಇಂದೂ, ಎಲ್ಲರ ಮನೆಯಲ್ಲಿಯೂ ಒಡೆದರೆ ಬಾಗೇವಾಡಿಯವರೇ ಗೆದ್ದರು, ಜಾತ್ರೆಯಲ್ಲಿ ನೆರೆದವರೆಲ್ಲ ಒಂದೇ ಟವರಿನ ಶಕ್ತಿಯನ್ನು ಹಂಚಿಕೊಳ್ಳುವಾಗ ಕ್ಯಾಮೆರಾದವನ ಪಾಲಿಗೆ ಏನು ಉಳಿದೀತು? ಅಲ್ಲಿ ಇಂದು ಸರಾಗವಾಗಿ ಹರಿದರೆ ದೋಷವು ನೋಡುವವನ ಕಡೆಯದು. ಆಗ ರೌಟರಿನ ಮಗ್ಗುಲಿಗೇ ಹೋಗಿ ಕೂಡ್ರತಕ್ಕದ್ದು. ಅಲ್ಲಿ ಚಕ್ರವು ಮಾಯವಾದರೆ ಅಪರಾಧಿಯು ಟವರೂ ಅಲ್ಲ, ಆಕಾಶವೂ ಅಲ್ಲ. ಪಡಸಾಲೆಗೂ ಅಡಿಗೆಮನೆಗೂ ನಡುವಿನ, ಅಜ್ಜನು ಕಟ್ಟಿಸಿದ, ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ವೈಶಾಖದ ಬಿಸಿಲನ್ನೇ ಒಳಗೆ ಬಿಡದ ಆ ಗೋಡೆಯು ವೈಫೈಯನ್ನು ಬಿಟ್ಟೀತೆಂದು ನಂಬಿ ರೌಟರನ್ನು ಮಾಡದೊಳಗೆ, ಅದೂ ಸ್ಟೀಲಿನ ಡಬ್ಬಿಗಳ ಹಿಂದೆ, ಪ್ರತಿಷ್ಠಾಪಿಸುವವರ ಶ್ರದ್ಧೆಯು ಸ್ತುತ್ಯವೇ. 5 ಗಿಗಾಹರ್ಟ್ಸಿನ ತರಂಗವು ವೇಗದಲ್ಲಿ ಮಿಗಿಲಾದರೂ ಗೋಡೆ ದಾಟುವಲ್ಲಿ 2.4ಕ್ಕಿಂತ ದುರ್ಬಲವೆಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಮುದ್ದೇಬಿಹಾಳದವರು ಮಾಳಿಗೆ ಏರಿದರೆ ಟವರು ಸಮೀಪಿಸಿ ರೌಟರು ದೂರವಾಗುವುದರಿಂದ, ತಾವು ಯಾವುದರ ಅನ್ನ ಉಣ್ಣುತ್ತಿರುವೆವೆಂದು ಮೊದಲು ನಿಶ್ಚಯಿಸಿ ಮೆಟ್ಟಿಲು ಹತ್ತುವುದು ಲೇಸು.

ಇನ್ನು ಶಬ್ದದ ವಿಚಾರ. ತುಟಿಗಿಂತ ಮಾತು ಸೆಕೆಂಡಿನ ಸಾವಿರದಲ್ಲಿ 45 ಪಾಲು ಮುಂದಾದರೆ, ಅಥವಾ 125 ಪಾಲು ಹಿಂದಾದರೆ, ಮನುಷ್ಯನಿಗೆ ಗೊತ್ತಾಗತೊಡಗುತ್ತದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದವರು ನಿರ್ಣಯಿಸಿದ್ದಾರೆ. ಹಿಂದಾದುದಕ್ಕೆ ಇಷ್ಟು ಕ್ಷಮೆ ಏಕೆಂದರೆ, ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ನಡೆಯುವ ಪ್ರಾಣಿ; ರಂಗದಿಂದ 40 ಮೀಟರು ದೂರ ಗೋಣಿಚೀಲ ಹಾಸಿ ಕುಳಿತವನಿಗೆ ದೂತಿಯ ಮಾತು ಹತ್ತಿರ ಹತ್ತಿರ 118 ಪಾಲು ತಡವಾಗಿಯೇ ತಲಪುತ್ತ ಬಂದಿದೆ, ಅವನು ಯಾವ ಕಂಪನಿಗೂ ದೂರು ಕೊಟ್ಟುದಿಲ್ಲ. ಬ್ಲೂಟೂತ್ ಕಿವಿಗೆ ಹಾಕಿದವನಿಗೆ ಈ ಎಲ್ಲೆ ಮೀರುವ ಭಯವುಂಟು, ವೈರಿನದು ನಿರಪಾಯ.

ಪ್ರತಿಧ್ವನಿದೋಷವು ಕೊನೆಯದು: ಸ್ಪೀಕರಿನಿಂದ ಹೊರಟ ಧ್ವನಿಯು ಅದೇ ಫೋನಿನ ಮೈಕಿನಲ್ಲಿ ಹೊಕ್ಕು ಆಡಿದವನಿಗೇ ಮರಳುವುದು. ಇದಕ್ಕಾಗಿ ವಿಡಿಯೋ ಕಾಲಿನಲ್ಲಿ ಬೀಗರನ್ನು ಬೈಯುವ ಗೃಹಸ್ಥನೇ ರಜೆ ಬಂದಾಗ ಮಕ್ಕಳನ್ನು ಕಟ್ಟಿಕೊಂಡು ವಿಜಯಪುರಕ್ಕೆ ಹೋಗಿ, ಟಿಕೀಟು ತೆಗೆಸಿ, ಕಡಿದಾದ ಮೆಟ್ಟಿಲುಗಳನ್ನು ಹತ್ತಿ, 1656ರಲ್ಲಿ ಮುಗಿದ ಗೋಲಗುಮ್ಮಟದಲ್ಲಿ ಅದೇ ದೋಷವನ್ನು ಏಳು ಪಟ್ಟು ಕೇಳಿ ಆನಂದಿಸುವನು. ಫೋನಿಗೆ ಇಯರ್‌ಫೋನು ಹಾಕಿದರೆ ದೋಷವು ಶಮನವಾಗುವುದು. ಗುಮ್ಮಟಕ್ಕೆ ಹಾಕುವ ಉಪಾಯವನ್ನು ಮಾತ್ರ ಮೇಲಣ ನಾಲ್ಕು ಪಂಥಗಳಲ್ಲಿ ಯಾವುದೂ ಈವರೆಗೆ ಸೂಚಿಸಿಲ್ಲ.