ಗುಡ್ಡವೂ ಉಂಟು, ಬುದ್ಧನೂ ಉಂಟು

ಟಿವಿಯಲ್ಲಿ ಹಿಮಬೆಟ್ಟದ ಮೇಲಿನ ತವಾಂಗ್ ಬೌದ್ಧ ಮಠ ತೋರಿಸಿದ್ದೇ ತಡ, ನಮ್ಮಾಕಿ ಪಟ್ಟು ಹಿಡಿದಳು: "ಈ ಸಲ ಗುಡ್ಡದ ಮ್ಯಾಲಿನ ಬುದ್ಧನ್ನೇ ನೋಡಬೇಕು." ತೆಲಂಗಾಣದ ನಮ್ಮ ನಾರಾಯಣಪೇಟೆಯ ಬಿಸಿಲಿಗೆ ಹಿಮದ ಆಸೆ ಸಹಜ. ನನ್ನ ಜೇಬು ಮಾತ್ರ ಯಾದಗಿರಿಯ ಆಸುಪಾಸಿನಿಂದಾಚೆ ಕದಲುವುದಿಲ್ಲ. "ಗುಡ್ಡವೂ ಅದ, ಬುದ್ಧನೂ ಅದಾನ, ನಡಿ" ಎಂದೆ. ಎರಡೂ ಒಂದೇ ಕಡೆ ಇವೆ ಎಂದೇನೂ ಹೇಳಲಿಲ್ಲ. ನಮ್ಮೂರ ಹೆಸರಿನ 'ನಾರಾಯಣಪೇಟ ರೋಡ್' ಸ್ಟೇಷನ್ನೇ ಕರ್ನಾಟಕದ ಸೈದಾಪುರದಲ್ಲಿದೆ. ಇಷ್ಟು ಹೆಚ್ಚುಕಡಿಮೆ ನಮಗೆ ರೂಢಿ.

ಮಕ್ತಲದ ಭಾವ, ಗದ್ವಾಲದ ಅತ್ತಿಗೆ ಕೂಡಿಕೊಂಡರು. ಶಹಾಪುರದ ಹತ್ತಿರ ಕಾರು ನಿಲ್ಲಿಸಿ ಗುಡ್ಡ ತೋರಿಸಿದೆ. ಹಣೆ, ಮೂಗು, ಎದೆ ಎಂದು ಅಂಗಾತ ಹರಡಿದ ಆ ಬೆಟ್ಟಸಾಲಿಗೆ ಜನ 'ಮಲಗಿದ ಬುದ್ಧ' ಎನ್ನುತ್ತಾರೆ. ಭಾವನಿಗೆ ಮೂಗು ಸಿಕ್ಕಿತು, ಹೊಟ್ಟೆ ಸಿಗಲಿಲ್ಲ. "ಉಪಾಸ ಇದ್ದಾನೇಳ್ರಿ" ಎಂದು ಅತ್ತಿಗೆ ರೊಟ್ಟಿ ಬುತ್ತಿ ಬಿಚ್ಚಿದರು.

ಅಸಲು ಬುದ್ಧ ಇರುವುದು ಭೀಮಾ ದಂಡೆಯ ಸನ್ನತಿಯಲ್ಲಿ. ಅಲ್ಲಿ ಚಂದ್ರಲಾಂಬೆಯ ಗುಡಿ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವೇ ಅಶೋಕನ ಶಾಸನ ಎಂಬುದು ಬಯಲಾಯಿತು. ದೇವಿಯನ್ನು ನಿಲ್ಲಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಪರರ ಮತವನ್ನೂ ಗೌರವಿಸಿ ಎನ್ನುವ ಅಶೋಕನ 12ನೆಯ ಶಾಸನ ಅದರಲ್ಲಿದೆ. ಕಾಳಿಯನ್ನು ತುಟಿಪಿಟಕ್ಕೆನ್ನದೆ ಹೊತ್ತ ಆ ಕಲ್ಲಿನಷ್ಟು ಚೆನ್ನಾಗಿ ಅದನ್ನು ಪಾಲಿಸಿದವರು ಇನ್ನಾರೂ ಇರಲಿಕ್ಕಿಲ್ಲ.

ಪಕ್ಕದ ಕನಗನಹಳ್ಳಿಯಲ್ಲಿ ಉತ್ಖನನದಿಂದ ಹೊರಬಂದ ಮಹಾಸ್ತೂಪವಿದೆ. ಶಾಸನಗಳು ಅದನ್ನು ಅಧೋಲೋಕ ಮಹಾಚೈತ್ಯ ಎನ್ನುತ್ತವೆ. "ಗುಡ್ಡ ಹತ್ತಸ್ತೀನಂತ ಪಾತಾಳಕ್ಕ ತಂದ್ಯಲ್ಲೋ" ಎಂದ ಭಾವ. ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ದಾನಿಗಳ ಹೆಸರು ಕೆತ್ತಿದ್ದಾರೆ. ನಮ್ಮ ಗುಡಿಗಳಲ್ಲಿ ಬೆಳಕೇ ಹೊರಬರದಂತೆ ಟ್ಯೂಬ್‌ಲೈಟಿನ ಮೇಲೆ ಹೆಸರು ಬರೆಸುವವರ ಮೂಲಪುರುಷರು ಇವರೇ ಇರಬೇಕು. ದಾನಿಗಳಲ್ಲಿ ಭಿಕ್ಷು, ಭಿಕ್ಷುಣಿಯರೂ ಇದ್ದಾರೆ. ಸಂಸಾರ ಬಿಟ್ಟರೂ ಹೆಸರು ಬಿಟ್ಟಿಲ್ಲ!

ಒಂದು ಚಪ್ಪಡಿಯಲ್ಲಿ ಅಶೋಕನೇ ನಿಂತಿದ್ದಾನೆ. ಬ್ರಾಹ್ಮಿಯಲ್ಲಿ ಹೆಸರೂ ಇದೆ. ಪಕ್ಕದಲ್ಲಿ ರಾಣಿ, ಜೊತೆಗೆ ಛತ್ರಿ ಚಾಮರ ಹಿಡಿದ ಸೇವಕಿಯರು. ನಮ್ಮಾಕಿ ಸೆರಗು ತಲೆಮೇಲೆ ಎಳೆದುಕೊಂಡು ಬಹಳ ಹೊತ್ತು ನೋಡಿದಳು. "ನೋಡ್ರಿ, ಹೆಂಡ್ತಿಗಿ ನೆರಳು ಮಾಡಿ ಕರ್ಕೊಂಡು ಬಂದಾನ."

ತವಾಂಗಿನ ಮಾತು ಆಮೇಲೆ ಬರಲಿಲ್ಲ. ಹೋಗುವವರು ರೈಲಿನಲ್ಲಾದರೆ ನಾಲವಾರದಲ್ಲಿ ಇಳಿಯಿರಿ. ಚಳಿಗಾಲದಲ್ಲಿ ಹೋಗಿ, ಹೆಂಡತಿಯ ಜೊತೆ ಹೋಗುವುದಾದರೆ ಛತ್ರಿ ಮರೆಯಬೇಡಿ.